ಒಳಬದಿಗೆ ಬಂದ ಸಣ್ಣ ಮೂಳೆ

ವೈದ್ಯಕೀಯ ಕಾಲೇಜಿನ ಅಂಗರಚನಾ ವಿಭಾಗದಲ್ಲಿ ಮೂಳೆಗಳ ಉಸ್ತುವಾರಿ ನೋಡಿಕೊಳ್ಳುತ್ತಿದ್ದ ಸಹಾಯಕನನ್ನು ಎಲ್ಲರೂ ಮೂಳೆಮಾವ ಎಂದೇ ಕರೆಯುತ್ತಿದ್ದರು. ಓದಿದ್ದು ಹತ್ತನೇ ತರಗತಿ. ಆದರೆ ಇಪ್ಪತ್ತೊಂಬತ್ತು ವರ್ಷ ಮೂಳೆ ಒರೆಸಿ, ತಂತಿ ಪೋಣಿಸಿ, ಕೀಲು ಕೂಡಿಸಿ, ಕಣ್ಣು ನೋಡಿ ಮಾಡುವ ಕೆಲಸವನ್ನೂ ಅವನ ಬೆರಳುಗಳೇ ಕಲಿತುಬಿಟ್ಟಿದ್ದವು. ಪರೀಕ್ಷೆ ಹತ್ತಿರ ಬಂತೆಂದರೆ ವಿದ್ಯಾರ್ಥಿಗಳು ಪ್ರಾಧ್ಯಾಪಕರ ಕೋಣೆ ದಾಟಿಕೊಂಡು ಅವನ ಮೇಜಿನ ಸುತ್ತ ಸೇರುತ್ತಿದ್ದರು.

"ಮೊಣಕಾಲು ಬಾಗಿಲಿನ ಕೀಲಿನ ಥರ ಅಂದ್ಕೊಂಡ್ರೆ ಫೇಲಾಗ್ತೀರ" ಎನ್ನುತ್ತಿದ್ದ. "ತೊಡೆಮೂಳೆ ಇಲ್ಲಿ ಉರುಳುತ್ತೆ, ಜೊತೆಗೆ ಜಾರುತ್ತೆ. ಕಾಲು ಪೂರ್ತಿ ನೆಟ್ಟಗಾಗುವಾಗ ಕೊನೇಲಿ ಚೂರು ತಿರುಗಿ ಚಿಲಕ ಹಾಕ್ಕೊಳ್ಳುತ್ತೆ. ಅದಕ್ಕೇ ಸಾಹೇಬರ ಕೋಣೆ ಮುಂದೆ ಎರಡು ಗಂಟೆ ನಿಂತ್ರೂ ನಾನು ಬಿದ್ದಿಲ್ಲ."

ಆ ವರ್ಷ ತಪಾಸಣಾಧಿಕಾರಿ ಬರುವ ಸುದ್ದಿ ಹಬ್ಬಿದ್ದೇ ತಡ, ವಿಭಾಗದ ಮುಖ್ಯಸ್ಥರು ಹೊಸ ಅಸ್ಥಿಪಂಜರ ತರಿಸಿದರು. ಬಿಳಿ ಪ್ಲಾಸ್ಟಿಕ್ಕಿನದು, ಚಕ್ರದ ಪೀಠದ ಮೇಲೆ ನಿಲ್ಲುವಂಥದ್ದು. ಪೆಟ್ಟಿಗೆ ಇನ್ನೂ ಲಾರಿಯಿಂದ ಇಳಿಯುವ ಮೊದಲೇ "ಪರಿಶೀಲಿಸಲಾಗಿದೆ, ಎಲ್ಲವೂ ಸರಿಯಿದೆ" ಎಂದು ಸಹಿಯನ್ನೂ ಹಾಕಿಬಿಟ್ಟರು. ಕೆಲಸದಲ್ಲಿ ಅಷ್ಟು ಚುರುಕು.

ಮೂಳೆಮಾವ ಪ್ಲಾಸ್ಟಿಕ್ ಹೊದಿಕೆ ಬಿಚ್ಚಿ ತಲೆಯಿಂದ ಕೆಳಕ್ಕೆ ಒರೆಸುತ್ತ ಬಂದ. ಮೊಣಕಾಲಿನ ಕೆಳಗೆ ಬಟ್ಟೆ ನಿಂತಿತು. ಅಲ್ಲಿ ಎರಡು ಮೂಳೆಗಳು: ಮೈಭಾರ ಹೊರುವ ದಪ್ಪ ಮೂಳೆ, ಅದರ ಪಕ್ಕದಲ್ಲಿ ಕೋಲಿನಂಥ ಸಣ್ಣ ಮೂಳೆ. ಸಣ್ಣದು ಯಾವ ಕಾಲಲ್ಲೇ ಆಗಲಿ ಹೊರಬದಿಗಿರಬೇಕು. ಇಲ್ಲಿ ಎರಡೂ ಕಾಲಲ್ಲಿ ಒಳಬದಿಗೆ ಬಂದು ಒಂದನ್ನೊಂದು ನೋಡುತ್ತಿದ್ದವು. ಕಾರ್ಖಾನೆಯಲ್ಲಿ ಯಾರೋ ಎಡದ್ದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ತಿರುಪಿದ್ದರು. ಪಾದಗಳು ಸರಿಯಾಗಿ ಕೂರದೆ ಸೊಟ್ಟಗೆ ನಿಂತಿದ್ದವು.

"ಸಾರ್, ಕಾಲು ಅದಲುಬದಲಾಗಿದೆ" ಎಂದು ಮುಖ್ಯಸ್ಥರಿಗೆ ಹೇಳಿದ. "ನಾಲ್ಕು ತಿರುಪು ಬಿಚ್ಚಿದ್ರೆ ಅರ್ಧ ಗಂಟೆ ಕೆಲಸ."

ಮುಖ್ಯಸ್ಥರು ಬಂದು ನೋಡಿದರು. ಮುಖ ಸಣ್ಣದಾಯಿತು. "ಬಿಚ್ಚೋಕೆ ಹೋಗ್ಬೇಡಪ್ಪ. ಸರಿಯಿದೆ ಅಂತ ಸಹಿ ಆಗಿದೆ. ಈಗ ಬಿಚ್ಚಿದ್ರೆ ಸರಿ ಇರ್ಲಿಲ್ಲ ಅಂತ ನಾವೇ ಒಪ್ಕೊಂಡ ಹಾಗಾಗುತ್ತೆ. ಒಂದು ಸಮಿತಿ ಮಾಡೋಣ."

ಐದು ಜನರ ಸಮಿತಿ ಸೇರಿತು. ಚಹಾ ಕೊಡಲು ಹೋದ ಮೂಳೆಮಾವ ಮೂಲೆಯಲ್ಲಿ ನಿಂತು ನೋಡಿದ. ಮಾತು ಗಂಭೀರವಾಗಿ ನಡೆದಿತ್ತು, ಆದರೆ ಪ್ರತಿಯೊಬ್ಬರ ಒಂದು ಕೈ ಮೇಜಿನ ಕೆಳಗಿತ್ತು. ಕಾಲುಚೀಲ ಸರಿಸಿ ತಂತಮ್ಮ ಹರಡನ್ನು, ಸಣ್ಣ ಮೂಳೆ ಕೊನೆಯಾಗುವ ಹೊರಬದಿಯ ಆ ಗೆಣ್ಣನ್ನು ಮುಟ್ಟಿ ನೋಡಿಕೊಳ್ಳುತ್ತಿದ್ದರು. ಐವರ ಬೆರಳಿಗೂ ಸತ್ಯ ಸಿಕ್ಕಿತು. ಐವರೂ ಕೈ ಒರೆಸಿಕೊಂಡು ಬಿಸ್ಕತ್ತು ತೆಗೆದುಕೊಂಡರು. ಕೊನೆಗೆ ಹಿರಿಯರೊಬ್ಬರು ದಾರಿ ತೋರಿಸಿದರು: ಇದನ್ನು ದೋಷ ಅನ್ನುವುದು ಬೇಡ, ಅಪರೂಪದ ರಚನೆ ಅನ್ನೋಣ. ಮರುದಿನವೇ ಪೀಠದ ಮೇಲೆ ಅಚ್ಚುಕಟ್ಟಾದ ಫಲಕ ಬಂತು: "ಕಾಲಿನ ಅಪರೂಪದ ರಚನೆ."

ವಾರ ಕಳೆಯುವಷ್ಟರಲ್ಲಿ ಮೂಳೆಮಾವನಿಗೆ ತನ್ನ ಮೇಲೇ ಅನುಮಾನ ಶುರುವಾಯಿತು. ಅಷ್ಟು ಓದಿದವರು, ಐದು ಜನ. ಅವನೊಬ್ಬ. ಸಂಜೆ ಮನೆಗೆ ಬಂದವನೇ, ಹೊಲಿಗೆ ಯಂತ್ರದ ಮುಂದೆ ಕೂತಿದ್ದ ಹೆಂಡತಿಯ ಕಾಲು ಹಿಡಿದುಕೊಂಡು ಮೊಣಕಾಲಿನಿಂದ ಕೆಳಗೆ ಒತ್ತುತ್ತ ಹೋದ.

"ಏನ್ರೀ ಇದು? ಮದುವೆಯಾಗಿ ಇಷ್ಟು ವರ್ಷ ಆದ್ಮೇಲೆ ಕಾಲು ಸರಿ ಇದ್ಯಾ ಅಂತ ನೋಡ್ತಿದ್ದೀರಾ?"

ಅವನು ವಿಷಯ ಹೇಳಿದ. ಅವಳು ಸೂಜಿಗೆ ದಾರ ಪೋಣಿಸುತ್ತಲೇ ಕೇಳಿಸಿಕೊಂಡಳು.

"ನಾನು ಎಡತೋಳನ್ನ ಬಲಕ್ಕೆ ಹೊಲಿದ್ರೆ ಅಪರೂಪದ ರವಿಕೆ ಅಂತ ಯಾರಾದ್ರೂ ಹಾಕ್ಕೊಳ್ತಾರಾ? ಮುಖದ ಮೇಲೆ ಎಸೀತಾರೆ. ಬಿಚ್ಚಿ ಹೊಲಿಯೋದು ಬಿಟ್ಟು ಬೇರೆ ದಾರಿ ಇಲ್ಲ."

ಭಾನುವಾರ ಬೆಳಿಗ್ಗೆ, ಗಾಳಿಯಾಡಲು ಕಿಟಕಿ ತೆರೆಯಬೇಕೆಂದು ಕಾವಲುಗಾರನಿಗೆ ಹೇಳಿ ಮೂಳೆಮಾವ ಒಳಗೆ ಹೋದ. ತಿರುಪು ಬಿಚ್ಚಿದ. ಎಡದ್ದನ್ನು ಎಡಕ್ಕೆ, ಬಲದ್ದನ್ನು ಬಲಕ್ಕೆ ಕೂರಿಸಿದ. ದಪ್ಪ ಮೂಳೆಯೂ ಸಣ್ಣ ಮೂಳೆಯೂ ಎರಡು ಬದಿಯಿಂದ ಇಕ್ಕಳದಂತೆ ಹಿಡಿದುಕೊಂಡ ಮೇಲೆ ಪಾದ ತಾನಾಗಿ ನೇರವಾಯಿತು. ಮೇಲೆ ಕೆಳಗೆ ಆಡಿಸಿ ನೋಡಿದ, ಎಲ್ಲೂ ತಡೆಯಲಿಲ್ಲ. ಎಷ್ಟೋ ದಿನದ ಮೇಲೆ ಅವನಿಗೆ ಮೈ ಹಗುರಾಯಿತು. ಫಲಕ ಮುಟ್ಟುವ ಅಧಿಕಾರ ತನಗಿಲ್ಲವೆಂದು ಅದನ್ನು ಹಾಗೇ ಬಿಟ್ಟ.

ಯಾರೂ ಗಮನಿಸಲಿಲ್ಲ. ಬುಧವಾರ ತಪಾಸಣಾಧಿಕಾರಿ ಬಂದರು, ಫಲಕ ಓದಿದರು, ಬಗ್ಗಿ ಕಾಲು ನೋಡಿದರು.

"ಭಾಳ ಅಪರೂಪ. ನಾನಂತೂ ಎಲ್ಲೂ ಕಂಡಿಲ್ಲ."

ಮುಖ್ಯಸ್ಥರು ಹಿಗ್ಗಿದರು. ಅಷ್ಟರಲ್ಲಿ ಸಾಲಾಗಿ ನಿಲ್ಲಿಸಿದ್ದ ವಿದ್ಯಾರ್ಥಿಗಳ ಹಿಂದಿನಿಂದ ಒಬ್ಬಳು ತನ್ನ ಕಾಲು ಮುಟ್ಟಿಕೊಂಡು, "ಸರ್, ನಂದೂ ಹೀಗೇ ಇದೆ" ಎಂದಳು.

"ಪರೀಕ್ಷೇಲಿ ಇದು ಬರಲ್ಲ, ಬಿಡಮ್ಮ" ಎಂದು ಮುಖ್ಯಸ್ಥರು ಅವಳ ಬಾಯಿ ಮುಚ್ಚಿಸಿದರು.

ತಪಾಸಣಾಧಿಕಾರಿಯೂ ತಮ್ಮ ಕಾಲು ಒತ್ತಿ ನೋಡಿಕೊಂಡರು. "ನನ್ನದೂ ಹೀಗೇ ಇದ್ಯಲ್ಲ?"

"ತಮ್ಮಂಥವರಲ್ಲಿ ಇರುತ್ತೆ ಸಾರ್" ಎಂದರು ಮುಖ್ಯಸ್ಥರು.

ಅಧಿಕಾರಿಗೆ ಈ ಮಾತು ಎಷ್ಟು ಹಿಡಿಸಿತೆಂದರೆ, ಈ ರಚನೆ ಎಷ್ಟು ಜನರಲ್ಲಿದೆ ಎಂದು ಲೆಕ್ಕ ತೆಗೆದು ವರದಿ ಕಳಿಸಿ ಎಂದು ಬರೆದುಕೊಟ್ಟು ಹೋದರು. ಆ ಕೆಲಸ ಮೂಳೆಮಾವನ ತಲೆಗೆ ಬಂತು.

ಅವನು ನೋಟ್‌ಬುಕ್ ಹಿಡಿದು ಕೋಣೆ ಕೋಣೆ ತಿರುಗಿದ. ಗುಮಾಸ್ತರ, ಗ್ರಂಥಪಾಲಕಿಯ, ಕಾವಲುಗಾರನ ಕಾಲು ಮುಟ್ಟಿ ಬರೆದುಕೊಂಡ. ಕ್ಯಾಂಟೀನಿನ ಅಡುಗೆಯಾಕೆ ಸೌಟು ಹಿಡಿದೇ ಕಾಲು ಮುಂದಿಟ್ಟಳು. "ನಂದೂ ಅಪರೂಪದ್ದಾ ಮಾವ? ನಮ್ಮತ್ತೆಗೆ ಒಂದು ಚೀಟಿ ಬರ್ಕೊಡಿ." ನಾಲ್ಕು ದಿನಕ್ಕೆ ಇನ್ನೂರ ಹದಿನಾರು ಜನ ಮುಗಿದರು. ಇನ್ನೂರ ಹದಿನಾರೂ ಅಪರೂಪದವರೇ.

ಪಟ್ಟಿಯನ್ನು ಮುಖ್ಯಸ್ಥರ ಮೇಜಿನ ಮೇಲಿಟ್ಟ. ಅವರು ಪುಟ ತಿರುವಿದರು, ಮತ್ತೆ ಮೊದಲಿನಿಂದ ತಿರುವಿದರು. ಎದ್ದು ಹೋಗಿ ಅಸ್ಥಿಪಂಜರದ ಕಾಲನ್ನು ದಿಟ್ಟಿಸಿ ಬಂದರು. ಅವನ ಮುಖ ನೋಡಿದರು. ಅವನು ಗೋಡೆ ನೋಡಿದ.

"ಸಾರ್, ತಮ್ಮದೊಂದು ಬಾಕಿ ಇದೆ."

ಮುಖ್ಯಸ್ಥರು ಪ್ಯಾಂಟು ಮೇಲೆಳೆದು ಕಾಲು ಚಾಚಿದರು. ಮೂಳೆಮಾವ ಕುಕ್ಕರಗಾಲಲ್ಲಿ ಕೂತು ಮುಟ್ಟಿ ನೋಡಿದ.

"ಹೊರಬದಿಗೇ ಇದೆ ಸಾರ್."

"ಹ್ಞೂಂ, ಬರ್ಕೋ" ಎಂದರು ಅವರು. "ಹೋಗುವಾಗ ಆ ಫಲಕ ಕಿತ್ತು ನನ್ನ ಕೈಗೆ ಕೊಡು. ಯಾರಾದ್ರೂ ಕೇಳಿದ್ರೆ ಗಾಳಿಗೆ ಹಾರ್ಹೋಯ್ತು ಅನ್ನು."

ಯಾರೂ ಕೇಳಲಿಲ್ಲ.