ಹಡಗಿನಿಂದ ಇಳಿದ ಮರ್ಸಿ

೧೯೮೮ರಲ್ಲಿ ಲೋಲಾಕ್ಷಿ ಕೊಲ್ಲಿ ನಾಡಿನ ರೂವಿ ಪಟ್ಟಣದ ಒಂದು ಆಫೀಸಿನಲ್ಲಿ ಟೈಪಿಸ್ಟ್ ಆಗಿದ್ದಳು. ಅಲ್ಲಿನ ಅಮೆರಿಕನ್ ಎಂಜಿನಿಯರ್ ಮಾರ್ಥಾಳ ತಾಯಿ ಊರಿನಲ್ಲಿ ಹಾಸಿಗೆ ಹಿಡಿದಿದ್ದಳು. ತನ್ನವರಲ್ಲಿ ಮೊದಲು ಕಡಲು ದಾಟಿ ಅಮೆರಿಕಕ್ಕೆ ಬಂದವರು ಯಾರೆಂದು ತಿಳಿದೇ ಕಣ್ಣು ಮುಚ್ಚಬೇಕೆಂಬುದು ಮುದುಕಿಯ ಹಟ. ಮಾರ್ಥಾ ತಾಯಿಯ ಅಪ್ಪ, ಅಜ್ಜ ಎಂದು ಹುಡುಕಿ ದಾರಿ ಕಾಣದೆ ಸೋತಿದ್ದಳು. ಹಳೆಯ ಚರ್ಚು ದಾಖಲೆಗಳ, ಮೊದಲ ವಲಸಿಗರ ಪಟ್ಟಿಗಳ ನಕಲುಗಳನ್ನು ಲೋಲಾಕ್ಷಿಗೆ ಕೊಟ್ಟು, ವಂಶವೃಕ್ಷ ಹೊಂದಿಸಿ ಟೈಪ್ ಮಾಡಲು ಹೇಳಿದಳು.

ಸಂಜೆ ಆಫೀಸಿನ ಸ್ಟೋರು ನೋಡಿಕೊಳ್ಳುವ, ಅವಳ ಊರಿನವನೇ ಆದ ದೂಮಪ್ಪ ಟೈಪಾದ ಹಾಳೆ ನೋಡಿ ನಕ್ಕ. "ಎಂತದು ಮಾರಾಯ್ತಿ, ಬರೀ ಹೆಂಗಸರೇ ಉಂಟಲ್ಲ? ಅವರಿಗೆ ನಮ್ಮ ಹಾಗೆ ಅಮ್ಮನಿಂದ ಬರುವ ಬಳಿ, ಕುಲ ಅಂತ ಇಲ್ಲ. ಅವರದ್ದು ಅಪ್ಪನ ಲೆಕ್ಕ."

ಲೋಲಾಕ್ಷಿ ಹಾಳೆಯನ್ನು ಮತ್ತೆ ನೋಡಿದಳು. ಬಂಟರ ಮನೆಯ ರೂಢಿಯಂತೆ ಅವಳು ತಾಯಿ, ತಾಯಿಯ ತಾಯಿ ಎಂದೇ ಬರೆದಿದ್ದಳು. "ಹೌದಾ ದೂಮಪ್ಪಣ್ಣ? ಈಗ ಎಂತ ಮಾಡುದು?"

ಅಷ್ಟರಲ್ಲಿ ಮಾರ್ಥಾ ಬಂದು ಹಾಳೆ ಎತ್ತಿಕೊಂಡಳು. ಅವಳ ಬೆರಳು ಒಬ್ಬೊಬ್ಬ ತಾಯಿಯನ್ನೂ ದಾಟಿ ಮೇಲೇರಿ, ತುದಿಯ ಹೆಸರಿನಲ್ಲಿ ನಿಂತಿತು: ಮರ್ಸಿ, ವಿಧವೆ, ಕಂಕುಳಲ್ಲಿ ಹೆಣ್ಣುಮಗು, ೧೬೩೫ರ ಹಡಗು.

"ಇವಳನ್ನು ನಾವು ಯಾರೂ ಹುಡುಕಲೇ ಇಲ್ಲ," ಎಂದು ಮಾರ್ಥಾ ಮೆಲ್ಲಗೆ ಹೇಳಿ ಊರಿಗೆ ಫೋನ್ ಹಚ್ಚಿದಳು. ತಾಯಿಯ ಹೆಸರಿನಿಂದ ಹಿಡಿದು ಒಂದೊಂದಾಗಿ ಓದಿದಳು. ಮುನ್ನೂರೈವತ್ತು ವರ್ಷಗಳ ತಾಯಂದಿರು ಆ ಎ.ಸಿ. ಕೋಣೆಯಲ್ಲಿ ಸಾಲಾಗಿ ಬಂದು ನಿಂತಂತೆ ಲೋಲಾಕ್ಷಿಗೆ ಕಂಡಿತು.

ಮಾರ್ಥಾ ರಿಸೀವರನ್ನು ಅವಳತ್ತ ಚಾಚಿದಳು. "ಅಮ್ಮನಿಗೆ ಬರೆದವಳ ಬಾಯಿಂದಲೇ ಇನ್ನೊಮ್ಮೆ ಕೇಳಬೇಕಂತೆ."

ಲೋಲಾಕ್ಷಿ ಎದ್ದು ನಿಂತು ಓದಿದಳು.