ತೊಂಬತ್ತೇಳನೆಯ ತುಂಡು

೧೯೪೬ರ ಅಕ್ಟೋಬರ್ ೨೧, ಸೋಮವಾರ. ಹಾವೇರಿ ರೈಲು ನಿಲ್ದಾಣದಿಂದ ಹಾನಗಲ್ಲಿಗೆ ಆರು ಚಕ್ಕಡಿಗಳಲ್ಲಿ, ಚಕ್ಕಡಿಗೆ ಹದಿನಾರರಂತೆ, ಸಿಮೆಂಟಿನ ತೊಂಬತ್ತಾರು ಹಲಗೆಗಳು ಬಂದಿಳಿದವು. ಎಲ್ಲ ಸೇರಿ ಒಂದು ಮನೆ. ಪುಣೆಯಲ್ಲಿ ಎರಕ ಹೊಯ್ದು, ಒಂದೊಂದಕ್ಕೂ ಮಸಿಯಲ್ಲಿ ಅಂಕಿ ಬರೆದು ಕಳಿಸಿದ್ದರು. ಅಂಕಿಯ ಪ್ರಕಾರ ಜೋಡಿಸಿದರೆ ನಾಲ್ಕು ಆಳು, ಎರಡು ದಿನ. ಇದು ಬೇಗ ಮನೆ ಕಟ್ಟುವ ಸರಕಾರಿ ಸಂಶೋಧನೆಯ ಲೆಕ್ಕ.

ಪ್ರಯೋಗಕ್ಕೆ ಜಾಗ ಬೇಕಿತ್ತು. ವಿಧವೆ ದಾನವ್ವನ ಮಣ್ಣಿನ ಮನೆಯನ್ನು ಕೆಡವಿದರು. ಹೊಸ ಮನೆ ಅವಳಿಗೇ ಎಂದು ಸಂಶೋಧನೆಯ ಸಾಹೇಬರು ಮಾತು ಕೊಟ್ಟು, ದೀಪಾವಳಿಗೆ ಧಾರವಾಡಕ್ಕೆ ಹೋದರು. ದಾನವ್ವನಿಗೆ ಉಳಿದದ್ದು ಮಾವ ಮಾಡಿಸಿದ ಸಾಗವಾನಿ ಬಾಗಿಲು, ಮತ್ತು ಬೇವಿನ ಮರಕ್ಕೆ ಆನಿಸಿಟ್ಟ, ಇನ್ನೂ ಹಲಗೆಗಳೇ ಆಗಿದ್ದ ಬೋಳು ಗೋಡೆಗಳು.

ಹಬ್ಬದಲ್ಲಿ ಗೋಡೆ ಬೋಳಾಗಿರಬಾರದು. ಅವಳು ಮೂರು ದಿನ ಸೊಂಟ ಬಗ್ಗಿಸಿ, ಪ್ರತಿ ಹಲಗೆಯ ಎರಡೂ ಮೈಗೆ ಸುಣ್ಣ ಬಳಿದು, ಬುಡಕ್ಕೆ ಕೆಮ್ಮಣ್ಣಿನ ಪಟ್ಟಿ ಎಳೆದಳು. ಛಾವಣಿಯ ಹಲಗೆಗಳಿಗೂ ಅದೇ ಮರ್ಯಾದೆ ಸಂದಿತು.

ಸಾಹೇಬರು ಮರಳಿ ಬಂದು ನಕಾಶೆ ಬಿಚ್ಚಿದರು. “ನಂಬರ ಎಲ್ಲದಾವ?”

“ಒಳಗ ಇರಬೇಕ್ರಿ. ನಾ ಏನೂ ಕಿತ್ತಿಲ್ರಿ, ಮ್ಯಾಲ ಸುಣ್ಣ ಅಷ್ಟ ಹಚ್ಚೇನಿ.”

ಒರೆಸಿದರೆ ಸುಣ್ಣದ ಜೊತೆ ಮಸಿಯೂ ಬಂತು.

ಹಲಗೆ ಜೋಡಿಸಲು ಬಂದಿದ್ದ ಗೌಂಡಿ ನಿಯಾಜ ಬೀಡಿ ಆರಿಸಿದ. “ಸಾಹೇಬ್ರ, ನಕಾಶಿ ಮಡಚಿ ಇಡ್ರಿ. ಗ್ವಾಡಿ ಕಣ್ಣಳತಿಗೆ ಬರ್ತಾವ.”

ಹತ್ತೊಂಬತ್ತು ದಿನಕ್ಕೆ ಬಂದವು. ಕೆಮ್ಮಣ್ಣಿನ ಪಟ್ಟಿಗಳು ಛಾವಣಿಯ ನಡುವೆ ಓಡಿದ್ದವು. ಒಂದು ಕಿಟಕಿ ನೆಲಕ್ಕೆ ಹತ್ತಿ ಕೋಳಿಗಳಿಗೆ ಅನುಕೂಲವಾಯಿತು. ಬಾಗಿಲು ಮಾತ್ರ ಇರಲಿಲ್ಲ.

“ಬಾಗಲಾ ಎರಡನೇ ಹಂತದ ಸಂಶೋಧನೆದಾಗ ಬರ್ತೈತಿ,” ಎಂದರು ಸಾಹೇಬರು. “ಫೋಟೋ ತಗಿಯೂತನಕ ನಿಂದ ಕೊಡವಾ.”

ತನ್ನ ಮನೆಗೆ ತನ್ನ ಬಾಗಿಲು. ದಾನವ್ವ ಕೊಟ್ಟಳು.

ವರದಿ ಹೋಯಿತು: ಕಟ್ಟಿದ್ದು ಎರಡು ದಿನ, ಸುಣ್ಣ ಸಹಿತ, ಹಬ್ಬದ ಬಿಡುವು ಹದಿನೇಳು ದಿನ, ಪ್ರಯೋಗ ಸಫಲ.

ಸಫಲವಾದ ಮನೆಯನ್ನು ಪ್ರದರ್ಶನಕ್ಕೆ ತರಬೇಕೆಂದು ಪುಣೆಯಿಂದ ಆಜ್ಞೆ ಬಂತು. ಬಿಚ್ಚಲು ಒಂದೇ ದಿನ ಹಿಡಿಯಿತು. ಈ ಸಲ ಅಂಕಿಗಳನ್ನು ಉಳಿಯಿಂದ ಕೆತ್ತಿಸಿದರು. ಬಾಗಿಲಿಗೆ ತೊಂಬತ್ತೇಳು ಬಿತ್ತು.

“ಅದು ನಮ್ಮ ಮಾವಂದ್ರಿ, ಸಾಹೇಬ್ರ.”

“ಫೋಟೋದಾಗ ಬಂದೈತಲ್ಲವಾ. ಬಿಟ್ಟ ಹೋದ್ರ ಲೆಕ್ಕ ತಪ್ಪತೈತಿ. ವಾಪಸ ಕಳಸ್ತೇವಿ.”

“ಮನೀನ?”

“ಬಾಗಲಾ.”

ಚಕ್ಕಡಿಗಳು ಹೋದ ಮೇಲೆ ನಿಯಾಜ ಕೆಡವಿದ ಮಣ್ಣನ್ನೇ ಕಲಸಿ, ಹನ್ನೊಂದು ದಿನದಲ್ಲಿ ಗೋಡೆ ಎಬ್ಬಿಸಿಕೊಟ್ಟ. ಬಾಗಿಲಿನ ಅಳತೆ ದಾನವ್ವನ ಮೊಳಕೈಗೆ ನೆನಪಿತ್ತು. ಅಷ್ಟು ಜಾಗ ಬಿಡಿಸಿ, ಗೋಣಿತಟ್ಟು ಇಳಿಬಿಟ್ಟಳು. ೧೯೪೮ರ ದೀಪಾವಳಿಗೂ ಅದರ ಸುತ್ತ ಸುಣ್ಣ ಬಳಿದಳು. ಪುಣೆಯಿಂದ ಬಾಗಿಲು ಇನ್ನೂ ಬರಬೇಕಾಗಿತ್ತು.