ಮಾವನ ಕೆಂಪು ಗೀಟು

ಲಾಟಾಯಿ ಮರೆಯುವ ಪೈಕಿ ಅಲ್ಲ. ಆರು ವರ್ಷದ ಹಿಂದೆ ತೊಂಗಾದ ವವಾವು ದ್ವೀಪದ ಹೈಸ್ಕೂಲಿನ ಬಾಗಿಲಿಗೆ ಅಂಟಿಸಿದ್ದ ಫಿಸಿಕ್ಸ್ ಕ್ಲಾಸಿನ ಪಟ್ಟಿಯಲ್ಲಿ ಅವಳ ಹೆಸರಿನ ಮೇಲೆ ಕೆಂಪು ಗೀಟು ಎಳೆದು, ಪಕ್ಕದಲ್ಲಿ ಸ್ವಂತ ಮಗ ಕೆಪುವಿನ ಹೆಸರು ಬರೆದವನು ಹೆಡ್‌ಮಾಸ್ಟರ್ ಮೊಸೆಸೆ. ಹೊರಗಿನವನಾಗಿದ್ದರೆ ಹಾಳಾಗಿ ಹೋಗಲಿ ಅನ್ನಬಹುದಿತ್ತು. ಅವನು ಅಮ್ಮನ ಒಡಹುಟ್ಟಿದ ತಮ್ಮ.

"ಚಾಪೆ ನೇಯೋಕೆ ಫಿಸಿಕ್ಸ್ ಯಾಕಮ್ಮಾ?" ಅಂತ ಎಲ್ಲರೆದುರು ನಕ್ಕಿದ್ದ. ಲಾಟಾಯಿ ಆ ಹಾಳೆ ಕಿತ್ತು ಮಡಚಿಟ್ಟುಕೊಂಡಳು. ಆಕ್ಲೆಂಡಿನ ಚಿಕ್ಕಮ್ಮನ ಮನೆ ಸೇರಿ, ಒಂದು ವರ್ಷ ಹಣ್ಣು ಪ್ಯಾಕ್ ಮಾಡಿ, ತನಗಿಂತ ಚಿಕ್ಕವರ ಜೊತೆ ಬೆಂಚಲ್ಲಿ ಕೂತು ಫಿಸಿಕ್ಸ್ ಪಾಸು ಮಾಡಿ, ಸಿವಿಲ್ ಎಂಜಿನಿಯರಿಂಗ್ ಸೇರಿದಳು. ಈಗ ಕೊನೆಯ ವರ್ಷ. ಕೆಪು? ಒಂದೇ ಟರ್ಮಿಗೆ ಫಿಸಿಕ್ಸಿಗೆ ಕೈ ಮುಗಿದುಬಿಟ್ಟ. ಆ ಜಾಗ ವರ್ಷಪೂರ್ತಿ ಖಾಲಿ ಬಿತ್ತು. ಅವಳ ಹೊಟ್ಟೆ ಉರಿಯುತ್ತಿದ್ದದ್ದು ಇದಕ್ಕೇ.

ಯೂನಿವರ್ಸಿಟಿಯ ವಿದ್ಯಾರ್ಥಿಗಳ ತಂಡವೊಂದು ದ್ವೀಪದ ಶಾಲೆಗಳಿಗೆ ಹೋಗಿ ಎಂಜಿನಿಯರಿಂಗ್ ಅಂದರೇನು ಅಂತ ತೋರಿಸಲು ಹೊರಟಾಗ, "ಮಾವನ ಶಾಲೆಗೆ ನಾನೇ ಹೋಗ್ತೀನಿ" ಅಂದಳು. ತೆಂಗಿನ ಗರಿಯ ಕಡ್ಡಿ, ದಾರ, ಇಷ್ಟರಲ್ಲೇ ಮಕ್ಕಳು ಪುಟ್ಟ ಸೇತುವೆ ಕಟ್ಟಬೇಕು. ಮೊಸೆಸೆ ಹುಡುಗರನ್ನಷ್ಟೇ ಕಳಿಸಿದ. ಹುಡುಗಿಯರನ್ನು ಅತಿಥಿಗಳ ಅಡುಗೆಗೆ ಹಚ್ಚಿದ. ಒಬ್ಬಳು ಮಾತ್ರ ಒಲೆ ಬಿಟ್ಟು ಬಂದು ಮೂಲೆಯಲ್ಲಿ ಕೂತಳು. ಅವಳು ಮೊಸೆಸೆಯ ಮಗಳು ಒಫಾ. ಹುಡುಗರ ಸೇತುವೆಗಳು ಮೇಲಿಟ್ಟ ಮೂರು ಗೆಣಸಿಗೇ ಲಟಲಟ ಮುರಿದವು. ಒಫಾಳದು ಬುಟ್ಟಿ ಪೂರ್ತಿ ಗೆಣಸನ್ನು ತಡೆದುಕೊಂಡಿತು.

"ಎಲ್ಲಿ ಕಲಿತೆ ಇದನ್ನ?"

"ಚಾಪೆ ನೇಯ್ತಾ ನೇಯ್ತಾ ಗೊತ್ತಾಯ್ತು ಅಕ್ಕ. ಒಂದೇ ಎಳೆ ಮೇಲೆ ಭಾರ ಬಿಡಬಾರದು." ಒಫಾ ದನಿ ತಗ್ಗಿಸಿದಳು. "ಸೋಮವಾರಕ್ಕೆ ಫಿಸಿಕ್ಸ್ ಪಟ್ಟಿ ಖಾಯಂ ಆಗುತ್ತೆ. ಅಪ್ಪ ನನ್ನ ಹೆಸರು ಹೊಡೆದುಹಾಕಿದಾರೆ."

ಲಾಟಾಯಿಗೆ ಮೈಯೆಲ್ಲ ಉರಿದುಹೋಯಿತು. ಅಂಗಳದಲ್ಲೇ ಮಾವನನ್ನು ತಡೆದು ಕೇಳಿದಳು.

"ಶಾಲೆಯಲ್ಲಿ ನಾನು ಹೆಡ್‌ಮಾಸ್ಟರು," ಅಂದ ಅವನು. "ನಿನ್ನ ಯೂನಿವರ್ಸಿಟಿ ದೌಲತ್ತು ಇಲ್ಲಿ ಬೇಡಮ್ಮಾ. ಶನಿವಾರ ಒಫಾಳ ಹದಿನಾರನೇ ಹುಟ್ಟುಹಬ್ಬ. ಬಾ, ಹೊಟ್ಟೆ ತುಂಬ ಹಂದಿ ತಿಂದು ಹೋಗು."

"ಬರ್ತೀನಿ ಮಾವ. ಬರದೆ ಇರ್ತೀನಾ!"

ತೊಂಗಾದಲ್ಲಿ ಅಕ್ಕನ ಮಕ್ಕಳ ಮುಂದೆ ಸೋದರಮಾವ ತಲೆ ತಗ್ಗಿಸಲೇಬೇಕು. ಅವನ ಮನೆಯ ಹಬ್ಬದಲ್ಲಿ ಮೇಲಿನ ಜಾಗ ಅವನ ಅಕ್ಕನದು, ಇಲ್ಲವೇ ಅಕ್ಕನ ಮಗಳದು. ಅವಳೇ 'ಫಹು'. ಫಹು ಕೇಳಿದ್ದಕ್ಕೆ ಇಲ್ಲ ಅನ್ನುವ ಹಾಗಿಲ್ಲ. ಲಾಟಾಯಿಯ ಅಮ್ಮ ಲೆಸಿಯೆಲಿ ಸಂಕೋಚದ ಹೆಂಗಸು. ಆರು ವರ್ಷದ ಹಿಂದೆ "ಬಾಯಿಬಿಟ್ಟು ಕೇಳಿದ್ರೆ ನಾವೇ ಸಣ್ಣವರಾಗ್ತೀವಿ" ಅಂತ ಸುಮ್ಮನಾಗಿದ್ದಳು. ಈ ಸಲ ಅವಳೇ ಮಗಳನ್ನು ಮುಂದೆ ತಳ್ಳಿದಳು.

"ನನ್ನ ಜಾಗದಲ್ಲಿ ನೀನು ಕೂತ್ಕೋ. ನನ್ನ ಹಾಗೆ ಬಾಯಿ ಮುಚ್ಕೊಂಡು ಎದ್ದು ಬರಬೇಡ."

ಶನಿವಾರ ಮೊಸೆಸೆಯ ಮನೆಯಲ್ಲಿ ಪಾದ್ರಿ, ಊರ ಹಿರಿಯರು, ಶಾಲೆಯ ಮೇಷ್ಟ್ರುಗಳು ಸಾಲಾಗಿ ಕೂತಿದ್ದರು. ಎಲ್ಲಕ್ಕಿಂತ ದೊಡ್ಡ ಹಂದಿ, ನಯವಾದ ಚಾಪೆಗಳ ರಾಶಿ ಲಾಟಾಯಿಯ ಮುಂದೆ ಬಂತು. ಮೊಸೆಸೆ ನೆಲದ ಮೇಲೆ ಕೂತು, ಜನ ಕೇಳಲಿ ಅಂತ ಗಂಟಲೆತ್ತಿ ಭಾಷಣ ಬಿಗಿದ.

"ನಮ್ಮ ಫಹು! ಈ ಮನೇಲಿ ಇರೋದೆಲ್ಲ ನಿಂದೇ. ಬೇಕಾದ್ದು ತಗೋ!"

ಎಲ್ಲರೂ ಹೇಳುವ ಮಾತೇ ಅದು. ಫಹು ನಾಲ್ಕು ಚಾಪೆ ಎತ್ತಿಕೊಂಡು ಹೋಗುತ್ತಾಳೆ, ಅಷ್ಟೇ.

"ಚಾಪೆ ಬೇಡ ಮಾವ. ಒಫಾನ ಕೊಡಿ."

ಲಾಟಾಯಿ ಚಾಪೆಗಳ ರಾಶಿಯನ್ನು ಪಕ್ಕಕ್ಕೆ ಸರಿಸಿದಳು.

"ಫಿಸಿಕ್ಸ್ ಪಟ್ಟಿ ತರಿಸಿ. ಇವರೆಲ್ಲರ ಎದುರಿಗೆ, ನಿಮ್ಮ ಕೈಯಾರೆ ಅವಳ ಹೆಸರು ಬರೀರಿ. ಇಲ್ಲಿ ಓದು ಮುಗಿದ ಮೇಲೆ ಆಕ್ಲೆಂಡಲ್ಲಿ ನನ್ನ ಜೊತೆ ಇರ್ತಾಳೆ."

"ಲಾಟಾಯಿ, ಇದು ಶಾಲೆ ವಿಷಯ. ಆಮೇಲೆ ಮಾತಾಡೋಣ..."

"ಇದು ಶಾಲೆಯಲ್ಲ. ಇಲ್ಲಿ ನೀವು ಹೆಡ್‌ಮಾಸ್ಟರಲ್ಲ, ನಮ್ಮಮ್ಮನ ತಮ್ಮ."

ಮೊಸೆಸೆ ಪಾದ್ರಿಯ ಕಡೆ ನೋಡಿದ. ಪಾದ್ರಿ ತಟ್ಟೆ ನೋಡಿಕೊಂಡ. ಅಕ್ಕನ ಕಡೆ ನೋಡಿದ. ಲೆಸಿಯೆಲಿ ರೆಪ್ಪೆ ಬಡಿಯದೆ ಅವನನ್ನೇ ನೋಡುತ್ತಿದ್ದಳು. ಕೊನೆಗೆ ಕೆಪುವೇ ಎದ್ದು ಹೋಗಿ ಪಟ್ಟಿ ತಂದ.

ಹೆಡ್‌ಮಾಸ್ಟರು ಪೆನ್ನು ತೆಗೆದು ಮೂಲೆಯಲ್ಲಿ ಸಣ್ಣದಾಗಿ ಬರೆಯತೊಡಗಿದ.

"ಕಾಣಲ್ಲ ಮಾವ, ದೊಡ್ಡದಾಗಿ ಬರೀರಿ."

ಹಿಂದೆ ಯಾರೋ ಕಿಸಕ್ಕೆಂದರು. ಒಫಾ ಅಳುತ್ತಲೇ ನಗುತ್ತಿದ್ದಳು. ಲಾಟಾಯಿಯ ಹೊಟ್ಟೆ ತಣ್ಣಗಾಯಿತು. ಸುಳ್ಳು ಯಾಕೆ ಹೇಳಬೇಕು, ಒಫಾಳ ನಗುವಿಗಿಂತ ಮಾವನ ಬೆವರು ನೋಡಿಯೇ ತಣ್ಣಗಾಯಿತು.

ಆಮೇಲೆ ಆ ಹಳೆಯ ಹಾಳೆ ತೆಗೆದು ಅವನ ತೊಡೆಯ ಮೇಲಿಟ್ಟಳು.

"ನೀವು ಎಳೆದ ಗೀಟು, ನೀವೇ ಇಟ್ಕೊಳ್ಳಿ. ಹಂದೀನ ಶಾಲೆ ಹುಡುಗಿಯರಿಗೆ ಕೊಟ್ಟುಬಿಡಿ. ಮೊನ್ನೆ ಬೇಯಿಸಿ ಬೇಯಿಸಿ ಸುಸ್ತಾಗಿದಾರೆ."